ಕುಂಡದಲ್ಲಿ ನೀರುಕಾಯಿ ಮರ

ಕಳೆದ ಸಲ ಕರಿಬೇವಿನ ಗಿಡವನ್ನು ಚಳಿಗಾಲ ದಾಟಿಸುವ ಬಗ್ಗೆ ಬರೆದಿದ್ದೆ. ಅದನ್ನು ಓದಿ ಸನಿವೇಲ್‌ನ ತಾಯಿಯೊಬ್ಬರು ಹೀಗೆ ಕೇಳಿದ್ದಾರೆ: "ಬೆಂಗಳೂರಿನ ರಸ್ತೆಗಳಲ್ಲಿ ಕಿತ್ತಳೆಗೆಂಪು ಹೂ ಬಿಡುತ್ತಲ್ಲ, ಮೊಗ್ಗು ಹಿಚುಕಿದರೆ ನೀರು ಚಿಮ್ಮುತ್ತಲ್ಲ, ಆ ಮರ ಇಲ್ಲಿ ಬರುತ್ತಾ? ನನ್ನ ಮಗನಿಗೆ ತೋರಿಸಬೇಕು."

ಬರುತ್ತದೆ. ಫಾಸ್ಟರ್ ಸಿಟಿಯ ನಮ್ಮ ಮನೆಯ ಹಾಲ್‌ನಲ್ಲೇ ಒಂದಿದೆ. ಹದಿನೈದು ಗ್ಯಾಲನ್ ಕುಂಡ, ಐದೂವರೆ ಅಡಿ ಎತ್ತರ, ಇದು ನಾಲ್ಕನೇ ವರ್ಷ. ಇಷ್ಟಾದರೂ ಒಂದು ಮೊಗ್ಗು ಬಿಟ್ಟಿಲ್ಲ, ಬಿಡುವ ಲಕ್ಷಣವೂ ಕಾಣುತ್ತಿಲ್ಲ. ಹಾಗಾಗಿ ಇದು ಗೆದ್ದವರ ಸಲಹೆ ಅಲ್ಲ. ಜೊತೆಗೆ, ಈ ಗಿಡದ ಕಥೆ ಹೇಳುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಮೊದಲು ಹೆಸರಿನ ವಿಷಯ. ಸಸ್ಯಶಾಸ್ತ್ರದಲ್ಲಿ ಇದು ಸ್ಪ್ಯಾಥೋಡಿಯಾ ಕ್ಯಾಂಪ್ಯಾನುಲೇಟ, ಇಂಗ್ಲಿಷಿನಲ್ಲಿ ಆಫ್ರಿಕನ್ ಟ್ಯುಲಿಪ್ ಟ್ರೀ, ಕನ್ನಡದಲ್ಲಿ ನೀರುಕಾಯಿ ಮರ. ಜಯನಗರದಲ್ಲಿ ನಾವು ಮಕ್ಕಳೆಲ್ಲ ಕರೆಯುತ್ತಿದ್ದದ್ದು ಉಚ್ಚೆಕಾಯಿ ಮರ ಅಂತ. ಈ ಹೆಸರು ಕೇಳಿದ ದಿನ ನನ್ನ ಮಗಳು ಸೋಫಾದಿಂದ ಜಾರಿ ಬೀಳುವಷ್ಟು ನಕ್ಕಿದ್ದಳು. ಶನಿವಾರದ ಕನ್ನಡ ಕ್ಲಾಸಿನಲ್ಲಿ ಕಲಿತದ್ದು ಸೋಮವಾರಕ್ಕೆ ಮರೆತುಹೋಗುತ್ತದೆ, ಇದೊಂದು ಪದ ಮಾತ್ರ ಮೂರು ವರ್ಷದಿಂದ ಭದ್ರವಾಗಿದೆ. ಪೂರ್ವ ಆಫ್ರಿಕಾದಲ್ಲಿ ಇದಕ್ಕೆ ನಂದಿ ಫ್ಲೇಮ್ ಎಂದೂ ಹೆಸರಿದೆ. ನಂದಿಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ, ಕೀನ್ಯಾದಲ್ಲಿ ನಂದಿ ಎಂಬ ಪ್ರದೇಶವೂ ಜನಾಂಗವೂ ಇವೆ.

ಇದು ನಮ್ಮೂರಿನ ಮರ ಎಂದೇ ನಾನು ಬಹಳ ವರ್ಷ ನಂಬಿದ್ದೆ. ಆದರೆ ಇದರ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡು. ಬೆಂಗಳೂರಿನ ಹೂಮರಗಳಲ್ಲಿ ಹೊರಗಿನಿಂದ ಬಂದವೇ ಹೆಚ್ಚು: ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಂದ ದಕ್ಷಿಣ ಅಮೆರಿಕದ್ದು. ಯಾವ ತಿಂಗಳಲ್ಲೂ ಊರಿನ ಯಾವುದಾದರೊಂದು ರಸ್ತೆ ಹೂವಲ್ಲಿರಬೇಕು ಎಂದು ಲಾಲ್‌ಬಾಗಿನ ಕ್ರುಂಬಿಗಲ್ ಲೆಕ್ಕ ಹಾಕಿ ಮರ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ನಗರದಲ್ಲಿ ಹದಿನೈದು ಲಕ್ಷ ಸಸಿ ನೆಡಿಸಿದರು. ಆ ನೆರಳಲ್ಲಿ ಬೆಳೆದ ನಮಗೆ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಯಾರೂ ಹೇಳಿಕೊಡಲಿಲ್ಲ.

ಚಿಮ್ಮುವ ನೀರಿನ ಗುಟ್ಟನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ, ಹೇಳಿಬಿಡುತ್ತೇನೆ. ಮೊಗ್ಗಿನ ಹೊರಗೆ ಹುಲಿಯುಗುರಿನಂತೆ ಬಾಗಿದ ಕಂದು ಹೊದಿಕೆ ಇರುತ್ತದಲ್ಲ, ಅದು ಪುಷ್ಪಪಾತ್ರೆ. ಅದರ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿವೆ. ಅವು ಒಳಕ್ಕೆ ನೀರು ಸುರಿಸುತ್ತವೆ. ಮುಂದೆ ಹೂವಾಗಬೇಕಾದ ಎಳೆ ದಳಗಳು ಆ ನೀರಿನಲ್ಲಿ ಮುಳುಗಿಕೊಂಡೇ ಬೆಳೆಯುತ್ತವೆ. ದಳ ಒಣಗದಿರಲಿ, ಹುಳು ಕೊರೆಯದಿರಲಿ ಎಂದು ಮರ ಮಾಡಿಕೊಂಡ ಏರ್ಪಾಡು ಎಂಬುದು ಸಸ್ಯವಿಜ್ಞಾನಿಗಳ ವಿವರಣೆ. ಜಾವಾ ದ್ವೀಪದ ಸಸ್ಯೋದ್ಯಾನದಲ್ಲಿದ್ದ ಮೆಲ್ಕಿಯೋರ್ ಟ್ರ್ಯೂಬ್ ಎಂಬ ಡಚ್ ವಿಜ್ಞಾನಿ ಈ ಮೊಗ್ಗುಗಳ ಬಗ್ಗೆಯೇ 1889ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ನನ್ನ ಡಾಕ್ಟರೇಟ್ ಪ್ರೋಟೀನುಗಳ ಮೇಲೆ. ಆ ಪ್ರಬಂಧ ಓದುವಾಗ ಮಾತ್ರ ವಿಷಯ ತಪ್ಪಾಗಿ ಆರಿಸಿಕೊಂಡೆನೇನೋ ಅನಿಸಿತು.

ಈಗ ಸಾಕುವ ವಿಷಯಕ್ಕೆ ಬರೋಣ. ಊರಿಂದ ಬರುವಾಗ ಕರ್ಚೀಫಿನಲ್ಲಿ ಸುತ್ತಿ ಬೀಜ ತರುವ ಯೋಚನೆ ಬೇಡ. ಬೀಜ, ಮಣ್ಣು, ಗಿಡ ಯಾವುದಿದ್ದರೂ ಏರ್‌ಪೋರ್ಟಿನಲ್ಲಿ ಘೋಷಿಸಬೇಕು, ಮರದ ಬೀಜಕ್ಕೆ ಮೊದಲೇ ಕೃಷಿ ಇಲಾಖೆಯ ಪರವಾನಗಿ ಪಡೆದಿರಬೇಕು. ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಈ ಮರ ಹೊರಗೇ ಬೆಳೆಯುತ್ತದೆ, ನಮ್ಮ ಬೀಜ ಅಲ್ಲಿನದು. ದೋಣಿಯಾಕಾರದ ಕಾಯಿ ಒಡೆದರೆ ಒಳಗೆ ನೂರಾರು ಬೀಜ, ಒಂದೊಂದಕ್ಕೂ ಈರುಳ್ಳಿ ಸಿಪ್ಪೆಯಂಥ ತೆಳು ರೆಕ್ಕೆ. ಹೂಳಬೇಡಿ. ಒದ್ದೆ ಮಣ್ಣಿನ ಮೇಲೆ ಇಟ್ಟು ಬೆರಳಲ್ಲಿ ಒತ್ತಿದರೆ ಸಾಕು. ಬೆಳಕೂ ಬೇಕು, ಬಿಸಿಯೂ ಬೇಕು. ನಾವು ಟ್ರೇ ಕೆಳಗೆ ಹೀಟ್ ಮ್ಯಾಟ್ ಹಾಸಿ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಇಟ್ಟಿದ್ದೆವು. ಇಪ್ಪತ್ತು ಬೀಜದಲ್ಲಿ ಏಳು ಮೂರು ವಾರದೊಳಗೆ ಮೊಳೆತವು. ಮಗಳು ಏಳಕ್ಕೂ ಹೆಸರಿಟ್ಟಳು. ಉಳಿದದ್ದು ಒಂದು. (ಅದರ ಹೆಸರು ಗುಂಡ.)

ಫಾಸ್ಟರ್ ಸಿಟಿ ಈ ಮರಕ್ಕೆ ಹೇಳಿ ಮಾಡಿಸಿದ ಜಾಗವಲ್ಲ. 1960ರ ದಶಕದಲ್ಲಿ ಕೊಲ್ಲಿಯ ಅಂಚಿನ ಜೌಗುನೆಲಕ್ಕೆ ಮರಳು ತುಂಬಿ ಎತ್ತರಿಸಿ ಕಟ್ಟಿದ ಊರು ಇದು. ಸ್ವಲ್ಪ ಅಗೆದರೆ ನೀರು, ಮಧ್ಯಾಹ್ನವಾದರೆ ಲಗೂನ್ ಕಡೆಯಿಂದ ಬಟ್ಟೆ ಒಣಹಾಕಲೂ ಬಿಡದ ಗಾಳಿ. ಹಿಮ ಬೀಳುವುದಿಲ್ಲ ನಿಜ, ಆದರೆ ಜನವರಿಯ ರಾತ್ರಿ ನಲವತ್ತರ ಆಸುಪಾಸು ಇರುತ್ತದೆ, ಒಮ್ಮೊಮ್ಮೆ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಹಾಗಾಗಿ ನೆಲದಲ್ಲಿ ನೆಡುವ ಆಸೆ ಬಿಟ್ಟು ಕುಂಡವೇ ಗತಿ. ನೀರು ಬೇಗ ಇಳಿದುಹೋಗುವಂತೆ ಪಾಟಿಂಗ್ ಮಿಕ್ಸ್‌ಗೆ ಮೂರನೇ ಒಂದು ಭಾಗ ಪರ್ಲೈಟ್ ಬೆರೆಸುತ್ತೇನೆ. ಮೇಯಿಂದ ಅಕ್ಟೋಬರ್‌ವರೆಗೆ ಪ್ಯಾಟಿಯೋದಲ್ಲಿ, ಗಾಳಿಗೆ ಬೆನ್ನು ಮಾಡಿದ ಮೂಲೆಯಲ್ಲಿ, ಸಿಕ್ಕಷ್ಟೂ ಬಿಸಿಲಿಗೆ. ಮಣ್ಣು ಒಂದು ಅಂಗುಲ ಒಣಗಿದ ಮೇಲೆ ತಳದಿಂದ ಹರಿಯುವಷ್ಟು ನೀರು. ರಾತ್ರಿ ಐವತ್ತು ಡಿಗ್ರಿಗಿಂತ ಇಳಿಯಲು ಶುರುವಾದರೆ ಒಳಗೆ.

ಒಳಗೆ ಬಂದ ತಿಂಗಳಲ್ಲಿ ಎಲೆ ಉದುರುತ್ತದೆ. ಆಗ ಗಾಬರಿಯಿಂದ ನೀರು ಸುರಿಯುವುದು ಎಲ್ಲರೂ ಮಾಡುವ ತಪ್ಪು. ಮೊದಲ ಚಳಿಗಾಲ ನಮ್ಮ ನಾಲ್ಕು ಸಸಿ ಹೋದದ್ದು ಚಳಿಗಲ್ಲ, ಬೇರು ಕೊಳೆತು. ಎಲೆಯಿಲ್ಲದ ಗಿಡ ನೀರು ಕುಡಿಯುವುದಿಲ್ಲ, ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದು ಲೋಟ ಸಾಕು. ಹೀಟರಿನ ಒಣಗಾಳಿಗೆ ಎಲೆಯಡಿ ಕೆಂಪು ನುಸಿ ಬರುತ್ತದೆ. ಭಾನುವಾರ ಬಾತ್‌ರೂಮಿಗೆ ಒಯ್ದು ಶವರ್ ಕೆಳಗೆ ನಿಲ್ಲಿಸಿ ಎಲೆ ತೊಳೆಯಿರಿ, ಮಕ್ಕಳಿಗೆ ಇದು ಹಬ್ಬ. ಗೊಬ್ಬರ ವಸಂತದಿಂದ ಬೇಸಿಗೆ ಕೊನೆಯವರೆಗೆ ಮಾತ್ರ.

ಹೂ ಯಾಕಿಲ್ಲ ಎಂದರೆ ಕಾರಣ ಸರಳ, ನನಗೇ ತಡವಾಗಿ ಹೊಳೆಯಿತು. ಈ ಮರ ಕೊಂಬೆಯ ತುದಿಯಲ್ಲೇ ಹೂಗೊಂಚಲು ಬಿಡುವುದು. ಸೂರಿಗೆ ತಾಗದಿರಲಿ ಎಂದು ನಾನು ಪ್ರತಿ ಮಾರ್ಚ್‌ನಲ್ಲಿ ಕತ್ತರಿಸುತ್ತಿದ್ದದ್ದೂ ಅದೇ ತುದಿಯನ್ನು! ಕತ್ತರಿಸದಿದ್ದರೂ ಇಲ್ಲಿನ ತಂಪಿಗೆ, ಕುಂಡದ ಇಕ್ಕಟ್ಟಿಗೆ ಹೂ ಬಿಡುವುದು ಕಷ್ಟವೇ. ಮಗಳಿಗೆ ಮೊದಲು "ಮುಂದಿನ ವರ್ಷ" ಎನ್ನುತ್ತಿದ್ದೆ. ಎರಡು ಸಲ ಹಾಗೆಂದ ಮೇಲೆ ನಿಲ್ಲಿಸಿದೆ.

ಇನ್ನು ಆ ತಪ್ಪಿನ ವಿಷಯ.

ಜಯನಗರದ ಮನೆಯ ಕಾಂಪೌಂಡಿನಲ್ಲಿದ್ದ ನೀರುಕಾಯಿ ಮರವನ್ನು ನೆಟ್ಟಿದ್ದು ಅಪ್ಪ, ನಾನು ಹುಟ್ಟಿದ ವರ್ಷ. ಬೇಗ ಬೆಳೆಯುವ ಜಾತಿ, ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಮಹಡಿಯನ್ನೂ ದಾಟಿತ್ತು. ಅಪ್ಪ ಹೋಗಿ ಆರು ವರ್ಷವಾಯಿತು. ಅಮ್ಮ ಒಬ್ಬಳೇ ಇದ್ದಾಳೆ. ನಾನಿಲ್ಲಿ ಗುಂಡನನ್ನು ಹಾಲಿನೊಳಕ್ಕೆ ಎಳೆದು ತಂದು ರಾತ್ರಿ ಥರ್ಮಾಮೀಟರ್ ನೋಡುತ್ತಿದ್ದ ಮೊದಲ ಚಳಿಗಾಲದಲ್ಲೇ ಅಮ್ಮ ಫೋನಿನಲ್ಲಿ ಅಂದಳು: "ಆ ಮರ ತೆಗೆಸಿಬಿಡೋಣ ಅಂತಿದ್ದೀನಿ ಕಣೇ. ಮಳೆ ಬಂದ್ರೆ ಕೊಂಬೆ ಲಟಲಟ ಅನ್ನುತ್ತೆ."

ಬೇಡ ಅಂದೆ. ಅಪ್ಪ ನೆಟ್ಟ ಮರ, ಅದನ್ನು ಕಡಿಸುತ್ತೀಯಾ ಅಂದೆ. ಸ್ವಂತ ಕಾಂಪೌಂಡಿನ ಮರವಾದರೂ 1976ರ ಕರ್ನಾಟಕದ ವೃಕ್ಷ ಸಂರಕ್ಷಣೆ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಅಮ್ಮ ಅರ್ಜಿ ಬರೆಸಿಟ್ಟುಕೊಂಡಿದ್ದಳು. ಕೊಡಬೇಡ ಅಂದೆ. ಮರುವರ್ಷ ಮತ್ತೆ ಕೇಳಿದಳು. ಆಗ ನಾನು ಗಾಳಿಯ ಗುಣಮಟ್ಟ, ಕಾಂಕ್ರೀಟಿನ ಬಿಸಿ ಎಂದೆಲ್ಲ ಭಾಷಣ ಮಾಡಿದೆ. ಅಮ್ಮ ಕೇಳಿಸಿಕೊಂಡು ಕೊನೆಗೆ ಅಂದದ್ದಿಷ್ಟೇ: "ಮರ ಬೇಕಾಗಿರೋದು ನಿನಗೆ. ಅದರ ಕೆಳಗೆ ಮಲಗೋದು ನಾನು."

ಇದರ ಮರ ಮೆದು. ಟೊಳ್ಳಾದ ಕೊಂಬೆಯಲ್ಲಿ ಕುಟ್ರಹಕ್ಕಿ ಸಲೀಸಾಗಿ ಗೂಡು ಕೊರೆಯುತ್ತದೆ. ಬೆಂಗಳೂರಿನ ಏಪ್ರಿಲ್–ಮೇ ಗಾಳಿಮಳೆಗೆ ಉರುಳುವ ಮರಗಳಲ್ಲಿ ಇದೂ ಇರುತ್ತದೆ. ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗುಂಡನಿಗಾಗಿ ಓದುವಾಗ ಎಲ್ಲವನ್ನೂ ಓದಿದ್ದೆ. ಓದಿದ್ದು ಕುಂಡದ ಗಿಡಕ್ಕೆ ಮಾತ್ರ ಎಂಬಂತೆ ಇದ್ದೆ.

ಎರಡು ವರ್ಷದ ಹಿಂದೆ ಮೇ ತಿಂಗಳ ಒಂದು ಸಂಜೆ ಅರ್ಧ ಮರ ಸೀಳಿ ಬಿತ್ತು. ಸಜ್ಜೆ ಒಡೆಯಿತು, ಪಕ್ಕದ ಮನೆಯವರ ಸ್ಕೂಟರ್ ಜಜ್ಜಿಹೋಯಿತು. ಮೋಡ ಕಂಡು ಅಮ್ಮ ಬಟ್ಟೆ ತೆಗೆದುಕೊಂಡು ಒಳಗೆ ಬಂದು ಐದು ನಿಮಿಷವಾಗಿತ್ತಂತೆ. ತಂತಿ ಕೊಂಬೆಯ ಮೇಲೇ ನೇತಾಡುತ್ತಿತ್ತು. ಇಲ್ಲಿ ಆಗ ಬೆಳಗಿನ ಜಾವ, ಫೋನ್ ಸೈಲೆಂಟ್‌ನಲ್ಲಿತ್ತು. ಎದ್ದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ಅವುಗಳಲ್ಲಿ ಒಂದೂ ಅಮ್ಮನದಲ್ಲ, ಎಲ್ಲವೂ ಪಕ್ಕದ ಮನೆಯವರದು. ಅಮ್ಮ ಆಮೇಲೆ ತಾನಾಗಿ ಏನೂ ಅನ್ನಲಿಲ್ಲ. "ನಾನು ಹೇಳಿದ್ದೆ" ಅಂತಲೂ ಅನ್ನಲಿಲ್ಲ. ಅದು ಅಂದಿದ್ದರೇ ವಾಸಿಯಿತ್ತು. ಉಳಿದರ್ಧಕ್ಕೆ ಅರ್ಜಿ ಹಾಕುವಾಗ ನಾನೇ ಇಲ್ಲಿಂದ ಟೈಪ್ ಮಾಡಿ ಕಳಿಸಿದೆ.

ಆದ್ದರಿಂದ ಬೆಚ್ಚಗಿನ ಊರುಗಳಲ್ಲಿರುವ ಓದುಗರಿಗೆ ಒಂದು ಮಾತು. ಹವಾಯಿಯಲ್ಲೋ ದಕ್ಷಿಣ ಫ್ಲಾರಿಡಾದಲ್ಲೋ ಇದ್ದು, ನೆಲದಲ್ಲಿ ನೆಟ್ಟರೆ ಖಂಡಿತ ಹೂ ಬಿಡುತ್ತದೆ ಎಂಬ ಉತ್ಸಾಹದಲ್ಲಿದ್ದರೆ ದಯವಿಟ್ಟು ನೆಡಬೇಡಿ. ರೆಕ್ಕೆಯ ಬೀಜ ಗಾಳಿಗೆ ಹಾರಿ ಎಲ್ಲೆಂದರಲ್ಲಿ ಬೇರೂರುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಮರವೂ ಇದೆ. ಪೋರ್ಟೊ ರಿಕೊದಲ್ಲಿ ಬೇಸಾಯ ಬಿಟ್ಟ ಹೊಲಗಳನ್ನು ಇದೇ ಆಕ್ರಮಿಸಿಕೊಂಡಿದೆ. ಬ್ರಿಸ್ಬೇನ್ ಕಡೆಯವರಿಗೆ ಕಾನೂನಿನ ತಡೆಯೂ ಇದೆ, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಕೊಂಡಿಯಿಲ್ಲದ ಸಣ್ಣ ಜೇನುಗಳು, ನಮ್ಮ ಕರಾವಳಿಯವರ ಮುಜಂಟಿಯ ಬಳಗದವು, ಈ ಹೂವಿನೊಳಗೆ ಸತ್ತುಬಿದ್ದಿರುವುದನ್ನು ಬ್ರೆಜಿಲ್‌ನ ಸಂಶೋಧಕರು ದಾಖಲಿಸಿದ್ದಾರೆ.

ಸನಿವೇಲ್‌ನವರಿಗೆ ನನ್ನ ಉತ್ತರ: ಗಿಡ ಬೇಕೆಂದರೆ ಕುಂಡದಲ್ಲಿ ಸಾಕಿ, ದೊಡ್ಡ ಎಲೆಯ ಚಂದದ ಗಿಡ. ಮಗನಿಗೆ ನೀರು ಚಿಮ್ಮಿಸಿ ತೋರಿಸಬೇಕೆಂದರೆ ಊರಿಗೆ ಹೋದಾಗ ಒಂದು ಬೆಳಿಗ್ಗೆ ಎತ್ತಿಡಿ. ಹಳೆಯ ಬಟ್ಟೆ ಹಾಕಿಸಿ, ಆ ನೀರಿನ ಹಳದಿ ಕಲೆ ಸುಲಭಕ್ಕೆ ಹೋಗುವುದಿಲ್ಲ. ಕಣ್ಣಿಗೆ ಹಾರಿಸಬಾರದು, ಕುಡಿಯಬಾರದು, ಆಮೇಲೆ ಕೈ ತೊಳೆಯಬೇಕು.

ನಾವು ಹೋದದ್ದು ಕಳೆದ ಡಿಸೆಂಬರ್‌ನಲ್ಲಿ. ಮರ ಇದ್ದ ಜಾಗದಲ್ಲಿ ಅಮ್ಮ ದಾಸವಾಳ ಹಾಕಿದ್ದಾಳೆ. ಅಂಗಳ ಬೋಳಾಗಿದೆ ಎಂದು ನನಗೆ ಕಂಡಿತು. ಅಮ್ಮ ಮಾತ್ರ, ಈಗ ಮಹಡಿಗೆ ಒಳ್ಳೇ ಬಿಸಿಲು ಬರುತ್ತೆ, ಈ ವರ್ಷ ಅರಳು ಸಂಡಿಗೆ ಎರಡು ಡಬ್ಬ ಇಟ್ಟಿದ್ದೀನಿ, ಒಂದು ನಿನಗೆ ಅಂದಳು.

ಒಂದು ಬೆಳಿಗ್ಗೆ ಮೂವರೂ ಲಾಲ್‌ಬಾಗಿಗೆ ಹೋದೆವು. ಮರದಲ್ಲಿ ಹೂ ಅಲ್ಲೊಂದು ಇಲ್ಲೊಂದು ಗೊಂಚಲು, ಕೀಳುವಂತೆಯೂ ಇಲ್ಲ. ಕೆಳಗೆ ಉದುರಿದ್ದರಲ್ಲಿ ಹುಡುಕಬೇಕು. ಮಗಳು ಆರಿಸಿದ್ದೆಲ್ಲ ಒಣಗಿದ್ದು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, ಬೆರಳಲ್ಲಿ ಒಂದೊಂದನ್ನೇ ಒತ್ತಿ ನೋಡಿ, "ಇದು ನೋಡು, ಉಬ್ಬಿದೆ, ಹಣ್ಣಿನ ಹಾಗೆ ಮೆತ್ತಗಿದೆ. ತುದಿ ಮುರಿ. ನಿನ್ನ ಕಡೆಗಲ್ಲ, ಆ ಕಡೆಗೆ ಹಿಡಿ" ಅಂದಳು. ನಾನು ನಾಲ್ಕು ವರ್ಷ ಕುಂಡ ಹೊತ್ತು ಒಳಗೆ ಹೊರಗೆ ಓಡಾಡಿದ್ದು ಈ ಒಂದು ಕ್ಷಣಕ್ಕೆ.

ಮೊದಲ ಹನಿ ಅಜ್ಜಿಯ ಸೀರೆ ಮೇಲೇ ಬಿತ್ತು. ಮಗಳು ಹೆದರಿ ನಿಂತಳು. ಅಮ್ಮ ಕಲೆ ನೋಡಿಕೊಂಡು, ಇನ್ನೊಂದು ಮೊಗ್ಗು ಆರಿಸಿ ಅವಳ ಕೈಗಿಟ್ಟು ಅಂದಳು: "ತಗೋ, ನಿಮ್ಮಮ್ಮನಿಗೂ ಒಂದು ಹಾರಿಸು."