ಬ್ಯಾರನ್ ನಮ್ಮದೇ, ಬರಿದಾದ ಬದುವೂ ನಮ್ಮದೇ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಅಲ್ಲಿನ ಮೀನುಗಾರರೂ ರೈತರೂ ತಿರುಗಿಬಿದ್ದರು. ಯೋಜನೆ ಬಿದ್ದುಹೋಯಿತು. ಅಲ್ಲಿನ ಕಾಂಡ್ಲಾ ಕಾಡಿಗೆ ಕೈಯಿಡುವ ಕಾರ್ಖಾನೆಗಳನ್ನು ಬೈಯಲು ಹುಣಸೂರು ತಾಲ್ಲೂಕಿನ ಗಾವಡಗೆರೆಯ ನಾವೂ ಮುಂದು. ನಮ್ಮ ಮನೆ ಮಗ್ಗುಲಲ್ಲೇ ಉರಿಯುವ ಒಲೆಯನ್ನು ಮಾತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಹೊಗೆಸೊಪ್ಪು ಬೇಯುವ ತಿಂಗಳುಗಳಲ್ಲಿ ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನ ಬೆಂಕಿ ಹಗಲು ರಾತ್ರಿ ಆರುವಂತಿಲ್ಲ. ಸೊಪ್ಪು ಹಳದಿಗೆ ತಿರುಗಿ, ಎಲೆ ಒಣಗಿ, ಕೊನೆಗೆ ದಂಟು ಒಣಗುವ ಹೊತ್ತಿಗೆ ಐದಾರು ದಿನ. ನಡುರಾತ್ರಿ ಎದ್ದು ಉಷ್ಣಮಾಪಕ ನೋಡಿ ಇನ್ನೆರಡು ದಿಮ್ಮಿ ತಳ್ಳುವವರಿಗೆ ಆ ದಿಮ್ಮಿ ಯಾವ ಮರದ್ದೆಂದು ಚೆನ್ನಾಗಿ ಗೊತ್ತು: ಅಜ್ಜ ಬದುವಿನ ಮೇಲೆ ಉಳಿಸಿದ್ದ ಹುಣಸೆ, ಹೊಂಗೆ, ಮಾವು. ಒಂದು ಕಿಲೋ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು. ತಂಬಾಕು ಮಂಡಳಿ ರಾಜ್ಯಕ್ಕೆ ಹಲವು ವರ್ಷ ಗೊತ್ತುಮಾಡಿದ್ದ ಸೊಪ್ಪಿನ ಮಿತಿ 10 ಕೋಟಿ ಕಿಲೋ. ನಾಲ್ಕರಂತೆ ಗುಣಿಸಿದರೂ 4 ಲಕ್ಷ ಟನ್ ಮರ, ಒಂದೇ ಹಂಗಾಮಿಗೆ.

ಕೇಳಿದರೆ ಉತ್ತರ ಸಿದ್ಧ: ‘ಕಾಡಿಂದ ಒಂದು ಕಡ್ಡಿ ತಂದಿಲ್ಲ, ದುಡ್ಡು ಕೊಟ್ಟು ತಂದ ಸೌದೆ.’ ದುಡ್ಡು ಕೊಟ್ಟ ಮಾತ್ರಕ್ಕೆ ಕಡಿದ ಮರ ಚಿಗುರುತ್ತದೆಯೇ? ನಮ್ಮ ಬದು ಬರಿದಾದ ಮೇಲೆ ಬೇರೆ ಊರಿನ ಬದುವಿಗೆ ಕೊಡಲಿ ಬಿತ್ತು, ಅಷ್ಟೇ. ಪಕ್ಕದಲ್ಲೇ ನಾಗರಹೊಳೆ ಇದೆ. ಊರಿನ ಮರ ಮುಗಿಯುತ್ತ ಬಂದಷ್ಟೂ ಕಾಡಂಚಿನ ಮೇಲೆ ಕಣ್ಣು ಬೀಳುತ್ತದೆ ಎಂಬುದು ಯಾರಿಗೆ ತಿಳಿಯದು?

ತಂಬಾಕು ಮಂಡಳಿಯ ಮೇಲೂ ನನಗೆ ಸಿಟ್ಟಿದೆ. ಮಿತಿ ಮೀರಿ ಬೆಳೆದವರಿಗೆ ದಂಡ ಮನ್ನಾ ಮಾಡಿಸಲು ನಾಯಕರು ದೆಹಲಿಗೆ ಓಡುತ್ತಾರೆ. ಸೌದೆಯ ಮಾತೆತ್ತಲು ಯಾರೂ ಓಡಿದ್ದು ಕಾಣೆ. 2004ರಲ್ಲಿ ಭಾರತ ಒಪ್ಪಿದ ಜಾಗತಿಕ ತಂಬಾಕು ನಿಯಂತ್ರಣ ಒಪ್ಪಂದ, ಬೆಳೆಗಾರರಿಗೆ ಬದಲಿ ದಾರಿ ತೋರಿಸಿ, ಪರಿಸರವನ್ನೂ ಕಾಯಿರಿ ಎನ್ನುತ್ತದೆ. ಸಾಲದಲ್ಲಿರುವ ರೈತ ನಾಳೆಯೇ ಸೊಪ್ಪು ಬಿಡಲಾರ, ಒಪ್ಪುತ್ತೇನೆ. ಆದರೆ ಬ್ಯಾರನ್ನಿನ ಗೋಡೆಯ ಬಿರುಕಿಗೆ ಮಣ್ಣು ಮೆತ್ತಲು ಯಾರ ಅಪ್ಪಣೆ ಬೇಕು? ಬಾಗಿಲ ಸಂದಿನಲ್ಲಿ ಬಿಸಿ ಸೋರುತ್ತಿದೆ, ನಾವು ಇನ್ನೊಂದು ದಿಮ್ಮಿ ತಳ್ಳುತ್ತೇವೆ. ಮಾಡಿನ ಕೆಳಗೆ ಶಾಖ ತಡೆಯುವ ಹೊದಿಕೆ ಹಾಕಿ, ಕಾಫಿ ಹೊಟ್ಟಿನ ಇಟ್ಟಿಗೆ ಉರಿಸಿ ಎಂದು ಹೇಳಿ ಹೇಳಿ ಸಾಕಾಗಿದೆ. ಬದುವಿನಲ್ಲಿ ನೆಡಲೆಂದು ಮಳೆಗಾಲದಲ್ಲಿ ಇಸಿದುಕೊಂಡ ಸಸಿಗಳೂ ಬೇಲಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲ ಸಮೇತ ಒಣಗುತ್ತವೆ.

ನೆಟ್ಟು ಬದುಕಿಸಿದ ಮರ ತೋರಿಸದವರಿಗೆ ಲೈಸೆನ್ಸ್ ನವೀಕರಿಸಬೇಡಿ ಎಂದು ಬೆಳೆಗಾರರಾದ ನಾವೇ ಮಂಡಳಿಗೆ ಬರೆದುಕೊಡಬೇಕು. ಮುಂದಿನ ಗ್ರಾಮಸಭೆಯಲ್ಲೇ ಅದು ನಿರ್ಣಯವಾಗಲಿ, ಮೊದಲ ಸಹಿ ಅತಿ ಹೆಚ್ಚು ಬ್ಯಾರನ್ ಇಟ್ಟುಕೊಂಡವರದ್ದಾಗಲಿ.