ಒಂದನೆಯ ಇಯತ್ತೆಗೆ ಮೊದಲು

ಬಾಲಶಿಕ್ಷಣದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಪೂರೈಸಿ ಪದವಿಪತ್ರವನ್ನು ಕೈಗೆ ತೆಗೆದುಕೊಂಡಂದಿನಿಂದ ಸೊಲ್ಲಾಪುರದ ನಮ್ಮ ಬಂಧುಮಿತ್ರರು ಅಭಿಮಾನದಿಂದ ಕೇಳುತ್ತಿರುವ ಪ್ರಶ್ನೆ, ಇನ್ನು ಯಾವ ಕಾಲೇಜಿನಲ್ಲಿ ನೌಕರಿ ಎಂಬುದು. ಮೂರು ವರ್ಷದ ಕೂಸಿಗೆ ಕಲಿಸುವುದಕ್ಕೆ ಇಷ್ಟೊಂದು ಓದು ಏತಕ್ಕೆ ಎಂಬ ಸಂದೇಹವೂ ಆ ಪ್ರಶ್ನೆಯ ಬೆನ್ನಿಗಿದೆ. ಅದಕ್ಕೆ ಉತ್ತರವನ್ನು ನಾನು ಅಕ್ಕಲಕೋಟೆ ತಾಲೂಕಿನ ಅಂಗಣವಾಡಿಗಳಲ್ಲಿ ಕಂಡಿದ್ದೇನೆ.

ದುಧನಿ, ಮೈಂದರಗಿ, ನಾಗಣಸೂರು, ತಡವಳ ಮೊದಲಾದ ಊರುಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಸಂತೆಯಲ್ಲಿ ಎರಡೂ ನಡೆಯುತ್ತವೆ. 1956ರ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸಂದ ಈ ತಾಲೂಕು ಮೈಸೂರಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದ್ದನ್ನು ಓದುಗರು ಬಲ್ಲರು. ಆ ವ್ಯಾಜ್ಯವನ್ನು ಇಲ್ಲಿ ಕೆದಕುವ ಇಚ್ಛೆ ನನಗಿಲ್ಲ. ಗಡಿಯೆಲ್ಲಿಯೇ ಇರಲಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಈ ಭಾಗದಲ್ಲಿ ಇಂದಿಗೂ ನಡೆದಿವೆ; ಪುಣೆಯ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಹಾಕಿಸುತ್ತದೆ. ಇದಕ್ಕಾಗಿ ಮಹಾರಾಷ್ಟ್ರ ಸರ್ಕಾರಕ್ಕೆ ಕೃತಜ್ಞತೆ ಸಲ್ಲಬೇಕಾದುದು ನ್ಯಾಯ. ಆದರೆ ಇವೆಲ್ಲವೂ ಆರಂಭವಾಗುವುದು ಒಂದನೆಯ ಇಯತ್ತೆಯಿಂದ. ಅಷ್ಟುಹೊತ್ತಿಗೆ ಕೂಸಿನ ವಿದ್ಯಾಭ್ಯಾಸದ ಮೂರು ವರ್ಷಗಳು ಕಳೆದುಹೋಗಿರುತ್ತವೆ.

ವ್ಯಾಸಂಗದ ನಿಮಿತ್ತವಾಗಿ ನಾನು ಹೋಗಿದ್ದ ಅಂಗಣವಾಡಿಯೊಂದರಲ್ಲಿ ಗೋಡೆಯ ತಖ್ತೆಗಳೂ ಹಾಡುಗಳೂ ಹಾಜರಿ ಪುಸ್ತಕವೂ ಮರಾಠಿಯವು. ಬಂದ ಮಕ್ಕಳು ಬಹುಮಟ್ಟಿಗೆ ಕನ್ನಡದವರು. ನಾಲ್ಕು ವರ್ಷದ ಕೂಸೊಂದರ ಮುಂದೆ ಸೇವಿಕೆಯವರು ಜೋಳ, ತೊಗರಿ, ಕುಸುಬೆಗಳನ್ನು ಕಲೆಸಿದ ಪರಾತವನ್ನಿಟ್ಟು, ಬೇರೆಬೇರೆ ಮಾಡೆಂದು ಸನ್ನೆಮಾಡಿದರು. ಕೂಸು ಮೂರು ಗುಂಪೆಗಳನ್ನು ಮಾಡಿ, ಬಳಿಕ ತೊಗರಿಯಲ್ಲಿಯೇ ಕೆಲವು ಕಾಳುಗಳನ್ನು ಆಯ್ದು ದೂರ ಸರಿಸಿತು. ಹೀಗೇಕೆ ಮಾಡಿದೆ ಎಂದು ಮರಾಠಿಯಲ್ಲಿ ಕೇಳಿದರೆ ತಲೆತಗ್ಗಿಸಿ ಕುಳಿತಿತು. ಖಿಚಡಿ ಬೇಯಿಸುತ್ತಿದ್ದ ಮದತನೀಸಬಾಯಿ ಒಲೆಯ ಮುಂದಿನಿಂದಲೇ, “ಯಾಕವ್ವಾ, ಆ ಕಾಳು ಯಾಕ ಬ್ಯಾರೆ ಇಟ್ಟಿ?” ಎಂದರು. “ಅವಕ್ಕ ಹುಳ ಹತ್ಯಾವ ಆಯಿ, ಬಿತ್ತಾಕ ಬರೂದಿಲ್ಲ” ಎಂದು ಆ ಕೂಸು ತಲೆಯೆತ್ತಿ ಹೇಳಿತು. ಪಿಯಾಜೆಯಂಥ ಪಂಡಿತರು ಗ್ರಂಥಗಳಲ್ಲಿ ವಿವರಿಸಿದ ವರ್ಗೀಕರಣವೂ, ಕಾರ್ಯಕಾರಣಗಳ ತಿಳಿವಳಿಕೆಯೂ, ಒಕ್ಕಲಿಗನ ಮನೆಯ ಅನುಭವವೂ ಆ ಒಂದು ಮಾತಿನಲ್ಲಿ ಕೂಡಿಬಂದಿದ್ದವು. ಅಂದಿನ ನೋಂದಣಿಯಲ್ಲಿ ಮಾತ್ರ ಆ ಕೂಸಿನ ಹೆಸರಿನ ಮುಂದೆ ಉತ್ತರವಿಲ್ಲವೆಂದು ಬರೆಯಲಾಗಿತ್ತು.

ಸೇವಿಕೆಯರನ್ನು ದೂರುವುದು ಅನ್ಯಾಯ. ತೂಕ, ಲಸಿಕೆ, ಆಹಾರ, ಜನಗಣನೆಯೇ ಮೊದಲಾದ ಸಕಲ ಭಾರವನ್ನೂ ಹೊತ್ತು, ವೇತನವೆಂಬ ಹೆಸರೂ ಇಲ್ಲದ ಮಾನಧನಕ್ಕೆ ದುಡಿಯುವ ಈ ತಾಯಂದಿರಲ್ಲಿ ಅನೇಕರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಕನ್ನಡದಲ್ಲಿ ಕಲಿಸಲು ಬೇಕಾದ ಸಾಮಗ್ರಿಯನ್ನೂ ತರಬೇತಿಯನ್ನೂ ಅವರಿಗೆ ಯಾರೂ ಕೊಟ್ಟಿಲ್ಲ. ನನ್ನ ಓದಿನಲ್ಲಿಯೂ ಫ್ರೋಬೆಲ್, ಮಾಂಟೆಸೋರಿ, ವೈಗೋಟ್ಸ್ಕಿ ಮೊದಲಾದವರೆಲ್ಲರೂ ಇಂಗ್ಲಿಷಿನಲ್ಲಿ ಬಂದರು, ಕೆಲವರು ಮರಾಠಿಯಲ್ಲಿ ಬಂದರು. ಕನ್ನಡದ ಒಂದು ಪುಟವೂ ಬರಲಿಲ್ಲ.

ಇನ್ನು ಶಾಸನದ ಮಾತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ ಸಂವಿಧಾನದ 350ಎ ವಿಧಿಯು ರಾಜ್ಯಗಳು ಪುನರ್ವಿಂಗಡಣೆಯಾದ 1956ರಲ್ಲಿಯೇ ಸೇರಿತು. ಅಂಗಣವಾಡಿಯೆಂಬುದು ಸರ್ಕಾರದ ಯೋಜನೆಯಾಗಿ ಬಂದದ್ದು 1975ರ ಅಕ್ಟೋಬರ್ 2ರಂದು. ಆದಕಾರಣ ಆ ವಿಧಿಯನ್ನು ರಚಿಸಿದವರ ದೃಷ್ಟಿಯಲ್ಲಿ ಮೂರು ವರ್ಷದ ಕೂಸು ಇದ್ದಿರಲಾರದು. ಈಗಲಾದರೋ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟರವರೆಗಿನ ವಯಸ್ಸನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಅಂಗಣವಾಡಿಯ ಮೂರು ವರ್ಷಗಳನ್ನು ಮೊದಲೆರಡು ಇಯತ್ತೆಗಳೊಡನೆ ಕೂಡಿಸಿದೆ. ಅಂಗಣವಾಡಿಯು ಶಾಲೆಯ ಮೊದಲ ಮೆಟ್ಟಿಲೆಂದು ಸರ್ಕಾರವೇ ಒಪ್ಪಿದ ಮೇಲೆ, ಒಂದನೆಯ ಇಯತ್ತೆಯ ಕನ್ನಡ ಕೂಸಿಗೆ ಸಲ್ಲುವ ರಕ್ಷಣೆ ಅದರ ತಂಗಿಗೆ ಸಲ್ಲದೆಂದು ಯಾವ ನ್ಯಾಯದಿಂದ ಹೇಳಬಹುದು?

ಈ ವಿಚಾರಕ್ಕೆ ನಾವು ದೂರ ಹೋಗಬೇಕಾಗಿಲ್ಲ, ಮಹಾರಾಷ್ಟ್ರದ ಪರಂಪರೆಯೇ ಸಾಕ್ಷಿಯಾಗಿದೆ. ಮರಾಠಿ ಮನೆತನದ ತಾರಾಬಾಯಿ ಮೋಡಕರು ಭಾವನಗರಕ್ಕೆ ಹೋಗಿ, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದಿದ್ದ ಗಿಜುಭಾಯಿ ಬಧೇಕಾ ಅವರೊಡನೆ ಗುಜರಾತಿ ಮಕ್ಕಳ ನಡುವೆ ದುಡಿದರು. ಬಳಿಕ 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ಸ್ಥಾಪಿಸಿ, ಶಿಷ್ಯೆ ಅನುತಾಯಿ ವಾಘರೊಡನೆ ಕೋಸಬಾಡದ ಬೆಟ್ಟದ ವರೆಗೆ ಆ ಕೆಲಸವನ್ನು ಬೆಳೆಸಿದರು. ಹಿಂದುಳಿದವರ ಕೇರಿಯ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ತಾರಾಬಾಯಿಯವರು ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಕೊಂಡೊಯ್ದರು. ದುಬಾರಿ ಮಾಂಟೆಸೋರಿ ಸಾಮಗ್ರಿಯ ಬದಲು ಆ ಊರಿನಲ್ಲಿಯೇ ದೊರೆಯುವ ಕಲ್ಲು, ಬೀಜ, ಎಲೆಗಳನ್ನು ಬಳಸಿದರು. ಕೂಸಿನ ಅಂಗಳಕ್ಕೆ ಹೋದವರು ಅಂಗಳದ ಭಾಷೆಯನ್ನು ಹೊರಗಿಟ್ಟು ಹೋಗಲು ಬಾರದು. ಆ ಮಹನೀಯರ ಕಾರ್ಯವನ್ನು ಅಕ್ಕಲಕೋಟೆಯಲ್ಲಿ ಮುಂದುವರಿಸಬೇಕಾದರೆ ಅದು ಕನ್ನಡದಲ್ಲಿಯೇ ಆಗಬೇಕು.

ಮರಾಠಿ ಬಾರದೆ ಈ ರಾಜ್ಯದಲ್ಲಿ ಅನ್ನ ಹುಟ್ಟೀತೇ ಎಂದು ಪಾಲಕರು ಕೇಳುತ್ತಾರೆ. ಆ ಚಿಂತೆ ಯಥಾರ್ಥವಾದುದು. ಮರಾಠಿ ಬರಲೇಬೇಕು, ಬರುತ್ತದೆ. 2020ರ ಕಾನೂನಿನಂತೆ ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಅದು ಕಡ್ಡಾಯ ವಿಷಯವಾಗಿದೆ. ಮೊದಲು ತಾಯಿಯ ಭಾಷೆಯಲ್ಲಿ ವಿಚಾರಮಾಡಲು ಕಲಿತ ಮಗು ಎರಡನೆಯ ಭಾಷೆಯನ್ನು ಗಟ್ಟಿಯಾಗಿ ಕಲಿಯುತ್ತದೆಂಬುದೇ ನನ್ನ ಶಾಸ್ತ್ರವು ನನಗೆ ಕಲಿಸಿದ ಮುಖ್ಯ ಪಾಠ. ಸಿದ್ಧರಾಮನ ಈ ಸೊಲ್ಲಾಪುರದಲ್ಲಿಯೇ ಬಾಳಿ, ಕನ್ನಡ ಮರಾಠಿಗಳೆರಡರಲ್ಲಿಯೂ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಪ್ರಥಮ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆಯವರಲ್ಲಿ ಒಂದು ಭಾಷೆ ಇನ್ನೊಂದಕ್ಕೆ ಎಂದೂ ಅಡ್ಡಬರಲಿಲ್ಲ.

ಕನ್ನಡ ಮನೆಗಳು ಹೆಚ್ಚಾಗಿರುವ ಊರುಗಳ ಅಂಗಣವಾಡಿಗೆ ಕನ್ನಡದ ಚಿತ್ರಪುಸ್ತಕ, ತಖ್ತೆ, ಹಾಡಿನ ಪುಸ್ತಿಕೆಗಳು ಬೇಕು. ಸೇವಿಕೆಯರ ತರಬೇತಿಯಲ್ಲಿ ಒಂದು ಭಾಗ ಕನ್ನಡದಲ್ಲಿ ನಡೆಯಬೇಕು. ಮಗುವಿನ ಪ್ರಗತಿಯನ್ನು ಅಳೆಯುವ ಪ್ರಶ್ನೆಗಳನ್ನು ಅದರ ಮನೆಯ ಮಾತಿನಲ್ಲಿ ಕೇಳಬೇಕು. ಒಂದನೆಯ ಇಯತ್ತೆಗೆ ಕನ್ನಡ ಪುಸ್ತಕ ಅಚ್ಚುಮಾಡುವ ಮುದ್ರಣಾಲಯಕ್ಕೆ ಅದರ ಹಿಂದಿನ ಮೂರು ವರ್ಷಗಳ ಪುಸ್ತಕ ಹೊರೆಯಾಗಲಾರದು. ಹಸ್ತಪ್ರತಿಯ ಕೆಲಸವನ್ನು ಸೇವಿಕೆಯರೊಡನೆ ಕುಳಿತು, ಅಜ್ಜಿಯರಿಂದ ಹಾಡು ಒಗಟುಗಳನ್ನು ಕೇಳಿ ಬರೆದುಕೊಂಡು, ನಾನು ಆರಂಭಿಸಿದ್ದೇನೆ. ಅದನ್ನು ಅಚ್ಚುಹಾಕಿಸಿ ಜೂನ್ ತಿಂಗಳಿಗೆ ಮುಂಚೆ ಅಂಗಣವಾಡಿಗಳಿಗೆ ಮುಟ್ಟಿಸುವುದು ಜಿಲ್ಲಾ ಪರಿಷತ್ತಿನ ಮತ್ತು ಸರ್ಕಾರದ ಹೊಣೆ.