ಹಿತ್ತಿಲಿನ ಗಾಂಜಾ ಗಿಡ: ಲಾಭ ಯಾರಿಗೆ, ಸೆರೆಮನೆ ಯಾರಿಗೆ?

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಹಿರಿಯರ ಮಾತು. ಕಣ್ಣೆದುರಿಗೇ ಇರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬ ವ್ಯಥೆ ಆ ಮಾತಿನಲ್ಲಿದೆ. ಆದರೆ ಈಚಿನ ವರ್ಷಗಳಲ್ಲಿ ಒಂದು ಹಿತ್ತಲ ಗಿಡಕ್ಕೆ ಇಲ್ಲದ ಬೆಲೆಯನ್ನು ಕಟ್ಟಲಾಗುತ್ತಿದೆ. ಅದು ಗಾಂಜಾ. ನಾಲ್ಕು ಗಳು ನೆಟ್ಟು, ಹಸಿರು ಬಲೆ ಹೊದಿಸಿ, ಒಳಗೆ ನಾಲ್ಕು ಕುಂಡಗಳನ್ನಿಟ್ಟರೆ ಸಾಕು, ಅನುಭವವಿಲ್ಲದವನೂ ಬೆಳೆಯಬಹುದು ಎಂದು ಮೊಬೈಲ್ ಪರದೆ ಹೇಳಿಕೊಡುತ್ತಿದೆ. ಇದು ಮದ್ದು, ಇದು ಹವ್ಯಾಸ, ಇದು ಆದಾಯ ಎಂಬ ಮೂರು ಮಾತುಗಳನ್ನು ಯುವಕರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಈ ಮೂರರಲ್ಲಿ ಒಂದಾದರೂ ನಿಜವೇ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಈ ಪ್ರಶ್ನೆಯನ್ನು ಎತ್ತುತ್ತಿದ್ದೇವೆ. ಅದಕ್ಕೆ ಕಾರಣವಿದೆ. ಇಲ್ಲಿಯ ಹಳ್ಳಿಮನೆಗಳಿಗೆ ಇನ್ನೂ ಹಿತ್ತಿಲು ಎಂಬುದೊಂದು ಉಳಿದಿದೆ. ಟೊಮೆಟೊ, ಮೆಣಸಿನ ಸಸಿಗಳಿಗೆ ಹೊದಿಸಿದ ಹಸಿರು ಬಲೆಯನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ನಾಲೆಯ ಬಯಲಿನ ಕಬ್ಬಂತೂ ಆನೆಯನ್ನೇ ಮರೆಮಾಡಬಲ್ಲುದು. ಒಂದು ಬದಿಗೆ ಮೈಸೂರು, ಇನ್ನೊಂದು ಬದಿಗೆ ಬೆಂಗಳೂರು, ನಡುವೆ ಹೆದ್ದಾರಿ. ಬೆಳೆಯುವ ಜಾಗವೂ ಕೊಳ್ಳುವ ನಗರವೂ ಇಷ್ಟು ಹತ್ತಿರವಿರುವಾಗ ಈ ಆಮಿಷ ನಮ್ಮ ಮನೆಬಾಗಿಲಿಗೆ ಬರುವುದಿಲ್ಲ ಎಂದು ಭಾವಿಸುವುದು ಮೂರ್ಖತನವಾದೀತು.

ಮೊದಲು ಕಾನೂನನ್ನು ನೋಡೋಣ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯು ಗಾಂಜಾ ಗಿಡದ ಹೂತೆನೆಯನ್ನು ಗಾಂಜಾ ಎಂದು ಕರೆದಿದೆ. ತೆನೆಯಿಲ್ಲದ ಬರಿಯ ಎಲೆ ಮತ್ತು ಬೀಜಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಉತ್ತರ ಭಾರತದಲ್ಲಿ ಭಂಗಿ ಸೊಪ್ಪಿನ ಅಂಗಡಿಗಳು ಪರವಾನಗಿ ಪಡೆದು ನಡೆಯುವುದು ಇದರಿಂದಲೇ. ಇದನ್ನು ಅರ್ಧಂಬರ್ಧ ಕೇಳಿದ ಯುವಕ, ಎಲೆಗೆ ಅನುಮತಿ ಇದೆಯೆಂದಾದರೆ ಗಿಡಕ್ಕೂ ಇದೆ ಎಂದು ತೀರ್ಮಾನಿಸುತ್ತಾನೆ. ಆದರೆ ಕಾಯ್ದೆಯ 8ನೇ ಕಲಮು ಪರವಾನಗಿಯಿಲ್ಲದೆ ಗಾಂಜಾ ಗಿಡವನ್ನು ಬೆಳೆಸುವುದನ್ನೇ ನಿಷೇಧಿಸಿದೆ. 20ನೇ ಕಲಮಿನಂತೆ ಇದಕ್ಕೆ 10 ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡ. ಗಿಡ ಒಂದಿರಲಿ, ಒಂದು ಎಕರೆಯಷ್ಟಿರಲಿ, ಮಾರಾಟಕ್ಕಿರಲಿ, ಸ್ವಂತ ಬಳಕೆಗಿರಲಿ, ಕಲಮು ಒಂದೇ.

ವಿಚಿತ್ರವೇನೆಂದರೆ, ಅದೇ ಕಾಯ್ದೆಯಲ್ಲಿ 1 ಕಿಲೋವರೆಗಿನ ಗಾಂಜಾವನ್ನು ಸಣ್ಣ ಪ್ರಮಾಣ ಎಂದು ಪರಿಗಣಿಸಲಾಗುತ್ತದೆ. ಅದಕ್ಕೆ ಗರಿಷ್ಠ ಶಿಕ್ಷೆ 1 ವರ್ಷ, ಅಥವಾ 10 ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅಂದರೆ, ನಗರದಲ್ಲಿ 900 ಗ್ರಾಂ ಒಣ ಗಾಂಜಾದೊಂದಿಗೆ ಸಿಕ್ಕಿಬಿದ್ದವನಿಗೆ ಹೆಚ್ಚೆಂದರೆ ಒಂದು ವರ್ಷ. ಹಿತ್ತಿಲಲ್ಲಿ ಒಂದು ಗಿಡ ನೆಟ್ಟ ಹಳ್ಳಿಯ ಹುಡುಗನಿಗೆ ಹತ್ತು ವರ್ಷದವರೆಗೆ. 1985ರ ಮೂಲ ಕಾಯ್ದೆಯಲ್ಲಿ ಕೃಷಿಯ ಗರಿಷ್ಠ ಶಿಕ್ಷೆ 5 ವರ್ಷವಾಗಿತ್ತು. 2001ರ ತಿದ್ದುಪಡಿಯು ಗಾಂಜಾ ಇಟ್ಟುಕೊಂಡವನನ್ನು ಪ್ರಮಾಣಕ್ಕೆ ತಕ್ಕಂತೆ ತೂಗಲು ತಕ್ಕಡಿಯನ್ನು ತಂದಿತು. ಬೆಳೆದವನಿಗೆ ಮಾತ್ರ ತಕ್ಕಡಿಯನ್ನು ಕೊಡಲಿಲ್ಲ. ಅವನ ಶಿಕ್ಷೆಯನ್ನು ಇಮ್ಮಡಿಗೊಳಿಸಿತು. ಕನಿಷ್ಠ ಶಿಕ್ಷೆಯನ್ನು ನಿಗದಿಪಡಿಸಿಲ್ಲವಾದ್ದರಿಂದ ನ್ಯಾಯಾಧೀಶರು ಕರುಣೆ ತೋರಬಹುದು, ನಿಜ. ಆದರೆ ವಿಚಾರಣೆ ಮುಗಿಯುವವರೆಗಿನ ಅಲೆದಾಟ, ವಕೀಲರ ಶುಲ್ಕ, ಕೈತಪ್ಪಿದ ನೌಕರಿ, ಮುರಿದುಬಿದ್ದ ಮದುವೆ ಮಾತುಕತೆ, ಇವುಗಳಿಗೆ ಯಾವ ನ್ಯಾಯಾಲಯ ಪರಿಹಾರ ನೀಡುತ್ತದೆ?

ಈ ಹೊಣೆ ಗಿಡ ನೆಟ್ಟವನಿಗಷ್ಟೇ ಸೀಮಿತವೂ ಅಲ್ಲ. ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿರುವುದು ಗೊತ್ತಿದ್ದೂ ಜಮೀನುದಾರ ಮಾಹಿತಿ ನೀಡದಿದ್ದರೆ 46ನೇ ಕಲಮು ಅವನನ್ನೂ ಅಪರಾಧಿಯಾಗಿ ನೋಡುತ್ತದೆ. ಪಹಣಿಯಲ್ಲಿ ಹೆಸರಿರುವುದು ಸಾಮಾನ್ಯವಾಗಿ ತಂದೆಯದು, ಇಲ್ಲವೇ ಅಜ್ಜನದು. ಮಗ ಕಬ್ಬಿನ ನಡುವೆ ಏನು ನೆಟ್ಟಿದ್ದಾನೆಂದು ತಿಳಿದೂ ಮರ್ಯಾದೆಗಂಜಿ ಸುಮ್ಮನಿರುವ ತಂದೆ, ಆ ಮೌನದಿಂದಲೇ ಪೊಲೀಸ್ ಠಾಣೆಯ ಮೆಟ್ಟಿಲೇರಬೇಕಾದೀತು.

ಇವು ಕೇವಲ ಪುಸ್ತಕದ ಮಾತುಗಳಲ್ಲ. 2021ರಲ್ಲಿ ಇದೇ ಹೆದ್ದಾರಿಯ ಬಿಡದಿಯಲ್ಲಿ, ಮನೆಯೊಂದರೊಳಗೆ ಗಾಂಜಾ ಬೆಳೆಯುತ್ತಿದ್ದ ವಿದೇಶಿಯರನ್ನು ಬೆಂಗಳೂರು ಪೊಲೀಸರು ಬಂಧಿಸಿದರು. 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ಕೃತಕ ಬೆಳಕಿನ ವ್ಯವಸ್ಥೆ ಮಾಡಿಕೊಂಡು ಗಾಂಜಾ ಬೆಳೆಯುತ್ತಿದ್ದ ಪ್ರಕರಣದಲ್ಲಿ ಸಿಕ್ಕಿಬಿದ್ದವರು ವೈದ್ಯಕೀಯ ವಿದ್ಯಾರ್ಥಿಗಳು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ದಂಪತಿಯೊಂದು ಬಾಲ್ಕನಿಯ ಹೂಕುಂಡಗಳ ನಡುವೆ ಗಾಂಜಾ ಬೆಳೆಸಿ, ಕೈತೋಟದ ದೃಶ್ಯವನ್ನು ಫೇಸ್‌ಬುಕ್‌ನಲ್ಲಿ ಹಾಕಿ, ಅದರಿಂದಲೇ ಪೊಲೀಸರ ಕಣ್ಣಿಗೆ ಬಿತ್ತು. ವೈದ್ಯರಾಗಬೇಕಾದವರೂ ಕುಂಡದಲ್ಲಿ ಗಿಡ ಬೆಳೆಸುವ ಸಾಮಾನ್ಯ ದಂಪತಿಯೂ ಈ ಪಟ್ಟಿಯಲ್ಲಿದ್ದಾರೆ. ಇವರಲ್ಲಿ ಯಾರಿಗಾದರೂ ತಾವು ಸೆರೆಮನೆಯನ್ನು ಬೆಳೆಸುತ್ತಿದ್ದೇವೆ ಎಂದು ಅನಿಸಿದ್ದೀತೇ?

ಇನ್ನು ಆದಾಯದ ಮಾತು. ಇದನ್ನು ಬರಿಯ ಉಪದೇಶದಿಂದ ತಳ್ಳಿಹಾಕಲಾಗದು, ಹಾಗೆ ತಳ್ಳಿಹಾಕುವುದು ನ್ಯಾಯವೂ ಅಲ್ಲ. 2021ರ ಆಗಸ್ಟ್‌ನಲ್ಲಿ ನೆರೆಯ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ರೈತರೊಬ್ಬರು, ಯಾವ ಬೆಳೆಗೂ ಸರಿಯಾದ ಬೆಲೆ ಸಿಗುತ್ತಿಲ್ಲ, ಎರಡು ಎಕರೆಯಲ್ಲಿ ಗಾಂಜಾ ಬೆಳೆಯಲು ಅನುಮತಿ ಕೊಡಿ ಎಂದು ಜಿಲ್ಲಾಡಳಿತಕ್ಕೆ ಅರ್ಜಿ ಸಲ್ಲಿಸಿದ್ದರು. ಪೊಲೀಸರು ಅದನ್ನು ಪ್ರಚಾರದ ತಂತ್ರ ಎಂದರು. ಆದರೆ ಮಂಡ್ಯ ಜಿಲ್ಲೆಯ ರೈತನಿಗೆ ಆ ಅರ್ಜಿಯ ಸಂಕಟ ಅರ್ಥವಾಗದಿರದು. ಕಬ್ಬು ಸರಬರಾಜು ಮಾಡಿದ 14 ದಿನಗಳೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ಕಾರ್ಖಾನೆಯ ಬಾಗಿಲಲ್ಲಿ ಕುಳಿತದ್ದನ್ನು ಈ ಜಿಲ್ಲೆ ಎಷ್ಟು ಸಲ ಕಂಡಿಲ್ಲ? ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, ಕೊನೆಗೆ 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಯಾಯಿತು. 2015ರಲ್ಲಿ ಈ ಜಿಲ್ಲೆಯ ಕಬ್ಬಿನ ಗದ್ದೆಗಳಿಂದ ಬಂದ ಆತ್ಮಹತ್ಯೆಯ ಸುದ್ದಿಗಳನ್ನು ಯಾರೂ ಮರೆತಿಲ್ಲ. ಮಳೆಯನ್ನೇ ನಂಬಿದ ನಾಗಮಂಗಲದ ರಾಗಿ, ಹುರುಳಿಯ ಹೊಲಗಳ ಕಥೆ ಬೇರೆಯೇ.

ಆದರೆ ಲೆಕ್ಕವನ್ನು ಕೊನೆಯವರೆಗೆ ಹಾಕಬೇಕು. ಗಾಂಜಾಕ್ಕೆ ಬೆಲೆ ಇರುವುದು ಅದು ನಿಷಿದ್ಧವಾಗಿರುವುದರಿಂದ. ಆ ಬೆಲೆಯೆಂದರೆ ಅಪಾಯದ ಬೆಲೆ. ಅಪಾಯ ಯಾರದ್ದು? ಗಿಡ ಓಡುವುದಿಲ್ಲ, ಜಮೀನು ಬಚ್ಚಿಟ್ಟುಕೊಳ್ಳುವುದಿಲ್ಲ, ಪಹಣಿ ಸುಳ್ಳು ಹೇಳುವುದಿಲ್ಲ. ಬೆಳೆದವನು ಸದಾ ಒಂದೇ ಜಾಗದಲ್ಲಿರುತ್ತಾನೆ. ಬೀಜ ಕೊಟ್ಟು ಫಸಲು ಕೊಳ್ಳುವ ದಲ್ಲಾಳಿಗೆ ಹೆಸರಿಲ್ಲ, ಊರಿಲ್ಲ, ಅವನ ಮೊಬೈಲ್ ಸಂಖ್ಯೆಯೂ ನಾಳೆ ಇರುವುದಿಲ್ಲ. ಲಾಭದ ದೊಡ್ಡ ಪಾಲು ಅವನಿಗೆ, ಅಪಾಯದ ದೊಡ್ಡ ಪಾಲು ರೈತನಿಗೆ. ಕಬ್ಬಿನ ಬಾಕಿಗೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂರಬಹುದು. ಗಾಂಜಾದ ಬಾಕಿಗೆ ಎಲ್ಲಿ ಕೂರುವುದು?

ಕಾನೂನಿನ ದಾರಿಯೊಂದು ಇದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ನಾರು ಮತ್ತು ಬೀಜಕ್ಕಾಗಿ ಈ ಗಿಡವನ್ನು ಬೆಳೆಯಲು ಸರಕಾರ ಅನುಮತಿ ನೀಡಬಹುದೆಂದು 14ನೇ ಕಲಮು ಹೇಳುತ್ತದೆ. ಉತ್ತರಾಖಂಡ 2018ರಲ್ಲಿ ಆ ಬಾಗಿಲನ್ನು ತೆರೆಯಿತು. ಅದು ಪರವಾನಗಿ, ತಪಾಸಣೆ, ಪ್ರಯೋಗಾಲಯಗಳ ದಾರಿ. ಹಸಿರು ಬಲೆಯ ಹಿಂದಿನ ಕುಂಡಕ್ಕೆ ಅದರಲ್ಲಿ ಜಾಗವಿಲ್ಲ. ಜರ್ಮನಿಯಲ್ಲಿ ಮನೆಗೆ ಗಿಡ ಬೆಳೆಸಲು ಬಿಟ್ಟಿಲ್ಲವೇ ಎಂದು ಕೇಳುವವರೂ ಇದ್ದಾರೆ. ಬಿಟ್ಟಿದ್ದಾರೆ, 2024ರ ಏಪ್ರಿಲ್ 1ರಿಂದ ವಯಸ್ಕರಿಗೆ 3 ಗಿಡ. ಥಾಯ್ಲೆಂಡ್ ಕೂಡ 2022ರಲ್ಲಿ ನಿರ್ಬಂಧವನ್ನು ಸಡಿಲಿಸಿತ್ತು. ಬೀದಿಬೀದಿಯಲ್ಲಿ ಅಂಗಡಿಗಳು ತೆರೆದುಕೊಂಡ ಮೇಲೆ ಎಚ್ಚೆತ್ತು, 2025ರ ಜೂನ್‌ನಲ್ಲಿ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು. ಬರ್ಲಿನ್‌ನ ಕಾನೂನು ಪಾಂಡವಪುರದ ನ್ಯಾಯಾಲಯದಲ್ಲಿ ಯಾರನ್ನೂ ಬಿಡಿಸಲಾರದು.

ಮದ್ದು ಎಂಬ ವಾದವೂ ಹೀಗೆಯೇ. ಈ ಗಿಡದ ಕೆಲವು ಅಂಶಗಳಿಂದ ಔಷಧಿ ತಯಾರಾಗುತ್ತದೆ, ಅಪಸ್ಮಾರದ ಕೆಲವು ಬಗೆಗಳಿಗೆ ಅದನ್ನು ವೈದ್ಯರು ಕೊಡುತ್ತಾರೆ. ಆದರೆ ಅಳತೆಯಿಂದ ಕೊಡುವ ಔಷಧಿ ಬೇರೆ, ಹದಿನೇಳರ ಹುಡುಗ ಸೇದುವ ಹೊಗೆ ಬೇರೆ. ಮಿದುಳು ಪೂರ್ಣ ಬೆಳೆಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ಅದಕ್ಕೂ ಮೊದಲೇ ಆರಂಭಿಸಿ, ಪದೇಪದೇ ಸೇದುವವರಲ್ಲಿ ನೆನಪು ಮತ್ತು ಏಕಾಗ್ರತೆ ಕುಂದುವುದನ್ನೂ, ಕೆಲವರಲ್ಲಿ ಭ್ರಮೆ, ಸಂಶಯಗಳ ತೀವ್ರ ಮಾನಸಿಕ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುವುದನ್ನೂ ವೈದ್ಯವಿಜ್ಞಾನ ಗುರುತಿಸಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನರು ಒಂದು ವರ್ಷದ ಅವಧಿಯಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಇದು ಯಾವುದೋ ಒಂದು ಕೇರಿಯ, ಒಂದು ಮತದ ರೋಗವಲ್ಲ ಎಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ. ಬಂಧಿತನ ಹೆಸರನ್ನು ನೋಡಿ ಸುದ್ದಿಯ ಗಾತ್ರವನ್ನು ನಿರ್ಧರಿಸುವವರು ಇದನ್ನು ಗಮನಿಸಬೇಕು.

ಹಾಗಂತ ನಮ್ಮ ಮನೆಯನ್ನು ನಾವು ನೋಡಿಕೊಳ್ಳದೆ ಇರಲಾಗದು. ಅಮಲಿನ ವಿಷಯದಲ್ಲಿ ಪ್ರವಾದಿಯವರ(ಸ) ಬೋಧನೆ ಸೇವಿಸಿದವನ ಬಳಿಗೆ ಬಂದು ನಿಲ್ಲುವುದಿಲ್ಲ. ಹಿಂಡಿದವನು, ಹೊತ್ತವನು, ಮಾರಿದವನು, ಅದರ ಹಣವನ್ನು ಉಂಡವನು ಎಲ್ಲರೂ ಅದರ ವ್ಯಾಪ್ತಿಗೆ ಬರುತ್ತಾರೆ. ಭಂಗಿ, ಗಾಂಜಾಗಳನ್ನು ವಿದ್ವಾಂಸರು ಶತಮಾನಗಳ ಹಿಂದೆಯೇ ಇದೇ ಸಾಲಿಗೆ ಸೇರಿಸಿದ್ದಾರೆ. ನಾನು ಸೇದುವುದಿಲ್ಲ, ಬೆಳೆದು ಕೊಡುತ್ತೇನಷ್ಟೆ ಎಂಬ ಸಮರ್ಥನೆಗೆ ಇಲ್ಲಿ ಅವಕಾಶವಿಲ್ಲ. ಆದರೆ ಕೆಲವು ದರ್ಗಾಗಳ ಆವರಣದಲ್ಲಿ ಫಕೀರರ ಚಿಲುಮೆಯನ್ನು ಭಕ್ತಿಯ ಭಾಗವೆಂಬಂತೆ ನೋಡಿಕೊಂಡು ಬಂದವರು ಯಾರು? ಮದ್ಯವನ್ನು ನಿಷೇಧಿಸಿದ ಅರಸನೆಂದು ಶ್ರೀರಂಗಪಟ್ಟಣದ ಟಿಪ್ಪುವನ್ನು ವೇದಿಕೆಗಳಲ್ಲಿ ಹೊಗಳುವ ನಾವು, ಅದೇ ಊರಿನ ಓಣಿಯ ಹುಡುಗರ ಕೆಂಪಡರಿದ ಕಣ್ಣುಗಳನ್ನು ನೋಡಿದ್ದೇವೆಯೇ?

ದುರಂತವೇನೆಂದರೆ, ಮಗ ಈ ಹಾದಿ ಹಿಡಿದಿದ್ದಾನೆಂದು ತಿಳಿದಾಗ ನಮ್ಮಲ್ಲಿ ಎರಡೇ ಬಗೆಯ ಪ್ರತಿಕ್ರಿಯೆಗಳಿವೆ. ಒಂದೋ ಮುಚ್ಚಿಡುವುದು, ಇಲ್ಲವೇ ಹೊರಗಟ್ಟುವುದು. ಮುಚ್ಚಿಟ್ಟರೆ ಗಿಡ ಬೆಳೆಯುತ್ತದೆ, ಹೊರಗಟ್ಟಿದರೆ ದಲ್ಲಾಳಿಗೆ ಆಳು ಸಿಗುತ್ತಾನೆ. ಮೂರನೆಯ ದಾರಿಯನ್ನು ಕಾನೂನೇ ತೋರಿಸಿದೆ. ವ್ಯಸನಿಯು ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ, ಸೇವನೆಯ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಅವನನ್ನು ವಿಚಾರಣೆಯಿಂದ ಮುಕ್ತಗೊಳಿಸಲು 64ಎ ಕಲಮಿನಲ್ಲಿ ಅವಕಾಶವಿದೆ. ಗಿಡ ನೆಟ್ಟವನಿಗೆ ಈ ಬಾಗಿಲು ಅಷ್ಟು ಸುಲಭವಾಗಿ ತೆರೆಯದು. ದಲ್ಲಾಳಿಯ ಸಹವಾಸವೇ ಬೇಡ, ನಾನೇ ಬೆಳೆದುಕೊಳ್ಳುತ್ತೇನೆ ಎಂದು ಹೊರಡುವ ಯುವಕ, ತನಗಾಗಿ ತೆರೆದಿದ್ದ ಏಕೈಕ ಬಾಗಿಲನ್ನು ತನ್ನ ಕೈಯಿಂದಲೇ ಮುಚ್ಚಿಕೊಳ್ಳುತ್ತಾನೆ. ಹಿತ್ತಿಲಿನ ಗಿಡದ ಕುರಿತು ಹೆತ್ತವರೂ ಯುವಕರೂ ತಿಳಿಯಬೇಕಾದ ಮುಖ್ಯ ಸಂಗತಿ ಇದು.

2021ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ಅಲ್ಪ ಪ್ರಮಾಣದ ಬಳಕೆದಾರರನ್ನು ಸೆರೆಮನೆಯ ಬದಲು ಚಿಕಿತ್ಸೆಗೆ ಕಳುಹಿಸಬೇಕೆಂದು ಸಲಹೆ ನೀಡಿತ್ತು. ಆ ಸಲಹೆಯನ್ನು ಸರಕಾರ ಗಂಭೀರವಾಗಿ ಪರಿಗಣಿಸಬೇಕು. ಅದರ ಜೊತೆಗೆ, ಒಂದೆರಡು ಗಿಡ ಬೆಳೆಸಿದ ವ್ಯಸನಿ ಯುವಕನನ್ನೂ ಎಕರೆಗಟ್ಟಲೆ ಬೆಳೆಸುವ ಜಾಲವನ್ನೂ ಒಂದೇ ಕಲಮಿನಡಿ ತರುವುದನ್ನು ಬಿಟ್ಟು, ಬೆಳೆದವನಿಗೂ ಪ್ರಮಾಣದ ತಕ್ಕಡಿಯನ್ನು ತರಬೇಕು. ಪೊಲೀಸರು ಗಿಡ ಕಿತ್ತು ಛಾಯಾಚಿತ್ರ ತೆಗೆಸಿಕೊಳ್ಳುವುದರೊಂದಿಗೆ ತನಿಖೆಯನ್ನು ಮುಗಿಸದೆ, ಬೀಜ ಕೊಟ್ಟವನನ್ನೂ ಫಸಲು ಕೊಳ್ಳಲು ಬರುವವನನ್ನೂ ಹುಡುಕಬೇಕು. ಕಬ್ಬಿನ ಹಣ 14 ದಿನಗಳಲ್ಲಿ ರೈತನ ಕೈಸೇರುವಂತೆ ಮಾಡುವುದು ಕೂಡ ಗಾಂಜಾ ವಿರುದ್ಧದ ಕಾರ್ಯಾಚರಣೆಯೇ ಎಂಬುದನ್ನು ಜಿಲ್ಲಾಡಳಿತ ಅರಿಯಬೇಕು.

ಸರಕಾರ ಇದನ್ನೆಲ್ಲ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ನಾಲ್ಕೂ ತಾಲೂಕುಗಳ ಮಸೀದಿ ಸಮಿತಿಗಳು ಶುಕ್ರವಾರದ ಪ್ರವಚನವೊಂದನ್ನು ಇದಕ್ಕೆ ಮೀಸಲಿಡಲಿ. ಗ್ರಾಮಸಭೆಗಳಲ್ಲಿ ಎಲ್ಲ ಸಮುದಾಯಗಳ ಹಿರಿಯರೂ ಜೊತೆ ಕೂತು ಇದನ್ನು ಚರ್ಚಿಸಲಿ. ಮಂಡ್ಯದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ, ನಾಗಮಂಗಲ ತಾಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿಮನಸ್ 14416, ಎರಡೂ ಉಚಿತ. ಈ ಎರಡು ಸಂಖ್ಯೆಗಳನ್ನು ಮಸೀದಿಯ ಸೂಚನಾ ಫಲಕದಲ್ಲಿ, ಡೇರಿಯ ಗೋಡೆಯಲ್ಲಿ, ಕಾಲೇಜಿನ ಬಾಗಿಲಲ್ಲಿ ಬರೆಯಲು ಒಂದು ಡಬ್ಬಿ ಬಣ್ಣ ಸಾಕು. ಹೆತ್ತವರು ಒಮ್ಮೆ ಹಿತ್ತಿಲ ಕಡೆ ಹೋಗಿಬರಲಿ. ಅಲ್ಲಿ ಅಂಥ ಗಿಡ ಕಂಡರೆ ಮಗನಿಗೆ ಹೊಡೆಯುವುದೂ ಬೇಡ, ನೆರೆಯವರಿಗೆ ಹೆದರಿ ಬಾಯಿ ಮುಚ್ಚಿಕೊಳ್ಳುವುದೂ ಬೇಡ. ಅಂದೇ ಒಬ್ಬ ವಕೀಲರ ಸಲಹೆ ಪಡೆದು ಕಾನೂನಿನಂತೆ ನಡೆಯಲಿ, ಮರುದಿನವೇ ಮಗನನ್ನು ವೈದ್ಯರ ಬಳಿಗೆ ಕರೆದೊಯ್ಯಲಿ.